ಬಾವಿಕಟ್ಟೆಯ ರಿಸಾಲ್ದಾರಮ್ಮ

ರಿಸಾಲ್ದಾರಮ್ಮನ ಎಡಗಿವಿಯ ಹಾಲೆ ಹರಿದು ಎರಡಾಗಿತ್ತು. ಮದುವೆಯಾದ ಹೊಸತರಲ್ಲಿ ಗಂಡನ ಕುದುರೆಗೆ ಬೆಲ್ಲ ತಿನ್ನಿಸಲು ಹೋಗಿದ್ದರಂತೆ. ಅದು ಬೆಲ್ಲದ ಜೊತೆ ಓಲೆಗೂ ಬಾಯಿ ಹಾಕಿತು. ಅಂದಿನಿಂದ ಆ ಓಲೆಯನ್ನು ಕರಿದಾರದಲ್ಲಿ ಕಿವಿಗೆ ಸುತ್ತಿ ಕಟ್ಟಿಕೊಳ್ಳುತ್ತಿದ್ದರು.

ಮಧುಗಿರಿ ಬೆಟ್ಟದ ಬುಡದ ನಮ್ಮ ಬೀದಿಯ ಗಂಡಸರೆಲ್ಲ ಮಹಾರಾಜರ ಕುದುರೆ ಪಡೆಯವರು. ಹೆಂಗಸರ ಸ್ವಂತ ಹೆಸರು ತವರಿನಲ್ಲೇ ಉಳಿಯಿತು. ಇಲ್ಲಿ ನಾವು ಗಂಡನ ಹುದ್ದೆಯ ಹೆಸರಿನವರು. ಬಾವಿಯಲ್ಲಿ ನೀರು ಸೇದುವ ಸರದಿಯೂ ಹಾಗೆಯೇ: ಮೊದಲು ರಿಸಾಲ್ದಾರಮ್ಮ, ಆಮೇಲೆ ಜಮಾದಾರಮ್ಮ, ಆಮೇಲೆ ದಫೇದಾರಮ್ಮನಾದ ನಾನು, ಹಿಂದೆ ಸವಾರರ ಹೆಂಡಂದಿರು.

“ಕುದುರೆ ಮ್ಯಾಲಿದ್ರೆ ಅವ್ರು ರಿಸಾಲ್ದಾರ್ರು ಕಣವ್ವ, ಮನೇಗ್ ಬಂದ್ರೆ ನನ್ ಕೈಕೆಳಗಿನ್ ಸವಾರ” ಎಂದು ಆಕೆ ನಗಿಸುತ್ತಿದ್ದರು.

ಯುದ್ಧಕ್ಕೆಂದು ಹಡಗು ಹತ್ತಿದ ನನ್ನವರು ಹೊರದೇಶದಲ್ಲೇ ಜ್ವರದಲ್ಲಿ ತೀರಿಕೊಂಡರು. ಸುದ್ದಿ ಬಂತು. ಸೂತಕ ಕಳೆದು ಬಾವಿಗೆ ಹೋದಾಗ ಜಮಾದಾರಮ್ಮ ನನ್ನ ಕೊಡವನ್ನು ಕಾಲಲ್ಲಿ ಸರಿಸಿದಳು.

“ದಫೇದಾರನೇ ಇಲ್ದ ಮ್ಯಾಲೆ ಎಲ್ಲೀ ದಫೇದಾರಮ್ಮ? ಕಡೇಗ್ ಹೋಗು.”

ಹೊರಟೆ. ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ.

ರಿಸಾಲ್ದಾರಮ್ಮ ಹಗ್ಗ ಸೇದುವುದನ್ನು ನಿಲ್ಲಿಸಿದರು. “ಯಾಕೆ, ಮಹಾರಾಜ್ರು ಅವನ್ ಹುದ್ದೆ ಕಿತ್ಕಂಡ್ರಾ? ದಫೇದಾರನಾಗೇ ಸತ್ತ ಕಣೇ ಅವ್ನು. ಬಾರವ್ವ ದಫೇದಾರಮ್ಮ, ನಿನ್ ಜಾಗಕ್ಕೆ.”

ಬಂದು ನಿಂತೆ. ಕೊಡ ತುಂಬಿತು. ಆ ದಿನಕ್ಕೆ ಈಶ್ವರ ಕೊಟ್ಟಿದ್ದು ಅಷ್ಟು, ಸಾಕಾಯಿತು.

ಎಷ್ಟೋ ವರ್ಷದ ಮೇಲೆ ರಿಸಾಲ್ದಾರರೂ ಹೋದರು. ಆಮೇಲೆ ಆಕೆ ಮೊದಲ ಸಲ ಬಾವಿಗೆ ಬಂದ ದಿನ ಕಿವಿಯಲ್ಲಿ ಓಲೆ ಇರಲಿಲ್ಲ, ಕರಿದಾರ ಮಾತ್ರ ಉಳಿದಿತ್ತು. ನನಗಾಗಿ ಜಗಳವಾಡಿದ ಅದೇ ಹೆಂಗಸು ತಾವಾಗಿಯೇ ಹೋಗಿ ಸಾಲಿನ ಕೊನೆಯಲ್ಲಿ ಕೊಡ ಇಟ್ಟರು.

ನಾನು ಹೋಗಿ ಆ ಕೊಡ ಎತ್ತಿಕೊಂಡೆ. “ರಿಸಾಲ್ದಾರಮ್ಮ, ಮುಂದಕ್ ಬನ್ನಿ.”

“ಬುಡವ್ವ, ಇನ್ನೇನದು.”

“ನೀವ್ ಸೇದೋಗಂಟ ನಮ್ಗೂ ನೀರಿಲ್ಲ.”

ಬಂದರು. ಜಮಾದಾರಮ್ಮ ಹಿಂದಕ್ಕೆ ಸರಿದಳು.

ರಿಸಾಲ್ದಾರಮ್ಮ ಶಿವನ ಪಾದ ಸೇರಿದ್ದು ಸೋಮವಾರ. ಅದೂ ಒಂದು ಪುಣ್ಯವೇ. ಮೈ ತೊಳೆಯಲು ನೀರು ಬೇಕಾಗಿ ಎಲ್ಲರೂ ಬಾವಿಗೆ ಹೋದೆವು. ಈಗ ಸರದಿಯಲ್ಲಿ ಮೊದಲು ಜಮಾದಾರಮ್ಮ. ಅವಳು ಹಗ್ಗ ಮುಟ್ಟಲಿಲ್ಲ.

“ಮೊದಲ್ನೇ ಕೊಡ ಅವ್ರದು” ಎಂದಳು. “ನೀನೇ ಸೇದು, ದಫೇದಾರಮ್ಮ.”

ಸೇದಿದೆ.