ಏಳು ಹದಿನಾಲ್ಕರ ಬೆಳಕು

ಕದಿರಯ್ಯನನ್ನು ತಕ್ಕಡಿಗೆ ಹಾಕಿದರೆ ಐವತ್ತು ಕೆಜಿ ದಾಟುವುದಿಲ್ಲ; ಅದೂ ಕೊರಳಿನ ಸೀಟಿ, ಕಿಸೆಯ ಮೊಬೈಲು, ಎಣ್ಣೆ ಕಾಣದ ಮೀಸೆ ಎಲ್ಲ ಸೇರಿ. ಕೊರಟಗೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ಅವನು ಟೈಮ್ ಕೀಪರ್. ಹೊತ್ತು ಮೀರಿ ನಿಂತ ಬಸ್ಸನ್ನು ಸೀಟಿ ಊದಿ ಹೊರಡಿಸುವುದು ಅವನ ಕೆಲಸ. ಅಂಥವನನ್ನು ಡ್ರೈವರುಗಳೂ ಮೆಚ್ಚುವುದಿಲ್ಲ, ಓಡಿ ಬರುವ ಪ್ರಯಾಣಿಕರೂ ಮೆಚ್ಚುವುದಿಲ್ಲ. ಹೆಂಡತಿ ಸತ್ತ ಮೇಲೆ ಅವನೊಡನೆ ಮಾತಾಡುವವರೆಲ್ಲ ಜಗಳಕ್ಕೆಂದೇ ಬಾಯಿ ತೆರೆಯುವವರು.

ಟೈಮಿಗೆ ಸರಿಯಾಗಿ ಬರುವುದೊಂದನ್ನು ಅವನು ಕೊನೆಗೂ ಕಂಡದ್ದು ಆಕಾಶದಲ್ಲಿ. ನಮಗೆ ಮುಳುಗಿದ ಸೂರ್ಯ ಮೇಲಿನ ಉಪಗ್ರಹಕ್ಕೆ ಇನ್ನೂ ಕಾಣುತ್ತಿರುತ್ತಾನೆ. ಅದರ ನುಣುಪು ತಗಡು ಕನ್ನಡಿಯ ಹಾಗೆ ಬೆಳಕನ್ನು ನೆಲಕ್ಕೆ ಹೊಡೆಯುತ್ತದೆ. ಚುಕ್ಕಿಯೊಂದು ಉಬ್ಬಿ, ಬೆಳ್ಳಿಚುಕ್ಕಿಯನ್ನೂ ಮಂಕು ಮಾಡಿ, ಹತ್ತು ಎಣಿಸುವುದರೊಳಗೆ ಆರಿಹೋಗುತ್ತದೆ. ಎಂದು, ಎಷ್ಟು ಗಂಟೆಗೆ ಎಂಬುದನ್ನು ಮೊಬೈಲು ಮೊದಲೇ ತಿಳಿಸುತ್ತದೆ. ಎರಡು ವರ್ಷ ಅವನೊಬ್ಬನೇ ನೋಡಿದ. ಪಕ್ಕದಲ್ಲಿ ಇನ್ನೊಬ್ಬರು ನಿಂತು "ಅಗೋ" ಅಂದಿದ್ದರೆ ಅವನಿಗೆ ಸಾಕಿತ್ತು.

2017ರ ಬೇಸಿಗೆಯಲ್ಲಿ, ಮಧುಗಿರಿ ದಾಟಿ ಸಿಗುವ ಕೊಡಿಗೇನಹಳ್ಳಿಯ ಟೈಮ್ ಕೀಪರ್ ಜ್ವರ ಬಂದು ಮಲಗಿದ. ಮಾಲೀಕರು ಕದಿರಯ್ಯನನ್ನು ಅಲ್ಲಿಗೆ ಕಳಿಸಿದರು. ಅಲ್ಲಿ ಅವನೊಡನೆ ಜಗಳವಾಡಿದವರು ಯಾರೂ ಇರಲಿಲ್ಲ, ಧೈರ್ಯ ಬಂತು.

"ಏಳು ಹದಿನಾಲ್ಕಕ್ಕೆ ಬಡಗ್ಲು ಕಡೆ ನೋಡ್ರಪ್ಪ," ಎಂದು ನಿಲ್ದಾಣಕ್ಕೆಲ್ಲ ಸಾರಿದ. ಹದಿನೈದು ಜನ ಕತ್ತೆತ್ತಿ ನಿಂತರು. ಹೂವಿನ ಮಂಜಮ್ಮ ಬುಟ್ಟಿ ಬಿಟ್ಟು ಬಂದಳು.

ಹದಿನಾಲ್ಕಾಯಿತು. ಹದಿನಾರಾಯಿತು. ಆಕಾಶ ಇದ್ದ ಹಾಗೇ ಇತ್ತು.

"ಎಲ್ಲಿ ಪಂಚರ್ ಆಗೈತಂತೆ ನಿನ್ ಬಸ್ಸು?" ಎಂದ ಒಬ್ಬ ಕಂಡಕ್ಟರ್.

"ಹೋಗ್ಲಿ ಬುಡಣ್ಣ, ನಾಳೆ ಬತ್ತೈತೆ," ಎಂದಳು ಮಂಜಮ್ಮ. ಉಳಿದವರ ನಗುವಿಗಿಂತ ಅವಳ ಕನಿಕರವೇ ಅವನನ್ನು ಹೆಚ್ಚು ಚುಚ್ಚಿತು.

ಹಿಂದಿರುಗುವ ಬಸ್ಸಿನಲ್ಲಿ ತಪ್ಪು ಹೊಳೆಯಿತು. ಮೊಬೈಲಿನಲ್ಲಿ ಊರು ಬದಲಿಸಿರಲಿಲ್ಲ. ಆ ಬೆಳಕು ಬೀಳುವುದು ನೆಲದ ಒಂದು ಸಣ್ಣ ಪಟ್ಟಿಯ ಮೇಲೆ ಮಾತ್ರ. ಸ್ಟಾಪಿಗೊಂದು ಟೈಮು ಎಂದು ಇಪ್ಪತ್ತು ವರ್ಷ ಕೂಗಿದವನು ಆಕಾಶಕ್ಕೂ ಅದೇ ಕಟ್ಟಳೆ ಎಂಬುದನ್ನು ಮರೆತಿದ್ದ. ಅದು ಕೊರಟಗೆರೆಗೆ, ಅವನು ನಿತ್ಯ ನಿಲ್ಲುವ ಜಾಗಕ್ಕೆ, ಸರಿಯಾಗಿ ಬಂದು ಹೋಗಿತ್ತು. ಅವನೇ ಇರಲಿಲ್ಲ.

ಆಮೇಲೆ ಅವನು ಯಾರನ್ನೂ ಕರೆಯಲಿಲ್ಲ. ಹೊತ್ತಾದಾಗ ಸೀಟಿ ನಿಲ್ಲಿಸಿ ಮೇಲೆ ನೋಡುತ್ತಿದ್ದ, ಅಷ್ಟೇ.

ಅವನು ಕೊಡಿಗೇನಹಳ್ಳಿಗೆ ಹೋಗಿದ್ದ ಆ ಸಂಜೆ ಕೊರಟಗೆರೆಯಲ್ಲಿ ಬಸ್ಸಿನ ಮೇಲೆ ಹುಣಸೆಹಣ್ಣಿನ ಮೂಟೆ ಹಾಕಿಸುತ್ತಿದ್ದವನು ನಾನು. ಬಡಗಲಲ್ಲಿ ಚುಕ್ಕಿಯೊಂದು ಉರಿದು ಆರಿದ್ದನ್ನು ಕಂಡೆ. ಅವನು ಅಲ್ಲಿ ಅದನ್ನೇ ಸಾರಿ ನಗೆಗೀಡಾದದ್ದು ಮರುದಿನ ಕಂಡಕ್ಟರುಗಳ ಬಾಯಿಂದ ತಿಳಿಯಿತು. ಹಿಂದೊಮ್ಮೆ ನನ್ನ ಅರ್ಧ ಮೂಟೆಗಳು ನೆಲದಲ್ಲಿರುವಾಗಲೇ ಸೀಟಿ ಊದಿದ್ದನೆಂಬ ಸಿಟ್ಟಿಗೆ ಅವನಿಗೆ ಹೇಳದೆ ಉಳಿದೆ. ನೀನು ಹೇಳಿದ್ದು ಬಂದಿತ್ತು, ನಾನು ನೋಡಿದೆ ಎಂಬ ಮಾತನ್ನು ಕದಿರಯ್ಯನಿಗೆ ನಾನು ಇನ್ನೂ ಕೊಡಬೇಕಾಗಿದೆ.