ಕೋಮೋಗೆ ಹೋದ ಸರಳಾ ಆಂಟಿ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಸಿಂಗಪುರದ ಹೌಗಾಂಗ್‌ನ ನಮ್ಮ ಬ್ಲಾಕಿನವರು ಒಪ್ಪಿಸದೆ ಬಿಡುವುದಿಲ್ಲ. ಆದರೆ ಸರಳಾ ಆಂಟಿ ಯಾರೆಂದು ಗೊತ್ತಿಲ್ಲದವರಿಗೆ ನಾನು ಮಾಡಿದ ಎಡವಟ್ಟು ಎಷ್ಟು ದೊಡ್ಡದೆಂದು ತಿಳಿಯದು. ಅವರಿಂದಲೇ ಶುರು ಮಾಡುತ್ತೇನೆ.

ಆಂಟಿ ಮೈಸೂರಿನವರು. ಗಂಡ ಪದ್ಮನಾಭ ಅಂಕಲ್ ಜೊತೆ ಸಿಂಗಪುರಕ್ಕೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಕೆಲಸ ಬ್ಯೂನಾ ವಿಸ್ಟಾದ ಒಂದು ಸಣ್ಣ ಕಂಪನಿಯಲ್ಲಿ. ಹೋಟೆಲಿನವರಿಗೆ, ಬ್ಯಾಂಕಿನವರಿಗೆ ರೇಷ್ಮೆಯ ಟೈ, ಸ್ಕಾರ್ಫ್ ಮಾಡಿಸಿಕೊಡುವ ಕಂಪನಿ ಅದು. ಬಟ್ಟೆ ಬರುವುದು ಇಟಲಿಯ ಕೋಮೋ ಎಂಬ ಊರಿನಿಂದ. ಬಂದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಿರಾಕಿ ಕೇಳಿದ ಬಣ್ಣವೇ ಹೌದೇ ಎಂದು ನೋಡುವುದು ಆಂಟಿಯ ಕೆಲಸ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಸುಳ್ಳು ಹೇಳುತ್ತದೆ ಎಂದು ಅವರು ಮೋಡ ಕವಿದ ದಿನ ಒಂದು ಬಟ್ಟೆಯನ್ನೂ ಪಾಸ್ ಮಾಡುತ್ತಿರಲಿಲ್ಲ.

ಪಾರ್ಸೆಲ್ಲಿನ ಮೇಲಿನ ವಿಳಾಸ ಓದಿ ಓದಿ ಆ ಊರು ಅವರ ತಲೆಗೇರಿತು. ಲೈಬ್ರರಿಯಿಂದ ಪುಸ್ತಕ ತಂದು ಓದಿದರು. ಆಮೇಲೆ ನಮ್ಮ ಕಿವಿಗೆ ಬಿಡುವೇ ಇಲ್ಲ. ಬ್ಲಾಕಿನ ಕೆಳಗಿನ ತೆರೆದ ವಾಯ್ಡ್ ಡೆಕ್‌ನಲ್ಲಿ ಕೂತರೂ ಕೋಮೋ, ತಿಂಡಿಗೆಂದು ಹಾಕರ್ ಸೆಂಟರಿಗೆ ಹೋದರೂ ಕೋಮೋ. ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂಥ ಸರೋವರ, ಅದರ ಒಂದು ಕಾಲಿನ ತುದಿಯಲ್ಲಿ ಊರು, ಊರು ದಾಟಿದರೆ ಸ್ವಿಟ್ಜರ್ಲೆಂಡ್. ಹಿಂದೆ ಕಳ್ಳಸಾಗಣೆಯವರು ಆ ಕಡೆಯಿಂದ ಕಾಫಿ ಮೂಟೆ ಹೊತ್ತು, ಸದ್ದಾಗದಂತೆ ಕಾಲಿಗೆ ಗೋಣಿತಟ್ಟು ಸುತ್ತಿಕೊಂಡು ಬೆಟ್ಟ ಇಳಿಯುತ್ತಿದ್ದರಂತೆ. “ಕಾಫಿಗೋಸ್ಕರ ಜೈಲಿಗೂ ರೆಡಿ ಅಂದ್ರೆ ಅವ್ರು ನಮ್ಮೋರೇ ಅಲ್ವೇನೆ?” ಅನ್ನುವರು. ಅಲ್ಲಿಯ ಹೆಂಗಸರು ರೇಷ್ಮೆಹುಳುವಿನ ಮೊಟ್ಟೆಯನ್ನು ಬಟ್ಟೆಯಲ್ಲಿ ಕಟ್ಟಿ ಎದೆಯಲ್ಲಿಟ್ಟುಕೊಂಡು ಕಾವು ಕೊಡುತ್ತಿದ್ದರಂತೆ. ದೊಡ್ಡ ಚರ್ಚಿನ ಬಾಗಿಲ ಎರಡೂ ಕಡೆ ಕಲ್ಲಿನ ಮೂರ್ತಿಯಾಗಿ ಕೂತಿರುವವರು ಸಂತರಲ್ಲ, ಆ ಊರಿನ ಇಬ್ಬರು ರೋಮನ್ ಪಂಡಿತರು, ಕ್ರೈಸ್ತರೂ ಅಲ್ಲ. “ಊರಿನ ಮಕ್ಕಳು ಅಂದ್ರೆ ದೇವ್ರೂ ಅಡ್ಜಸ್ಟ್ ಮಾಡ್ಕೋತಾನೆ.” ಒಮ್ಮೆ ನನ್ನ ಫೋನಿನ ಚಾರ್ಜ್ ಮುಗಿದಾಗಲೂ ಬಿಡಲಿಲ್ಲ. “ಬ್ಯಾಟರಿ ಕಂಡುಹಿಡಿದ ವೋಲ್ಟಾ ಕೋಮೋದವನು ಕಣೆ ನಿಶ್ಚಿತಾ. ನಿನ್ನ ಫೋನ್ ಓಡ್ತಿರೋದೇ ನಮ್ಮೂರಿಂದ.”

ನಮ್ಮೂರು ಅನ್ನುವ ಆಂಟಿ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಪ್ರತಿ ವರ್ಷವೂ ಮುಂದಿನ ವರ್ಷ ಹೋಗುವವರೇ.

ನೋಡದ ಆ ಊರಿನಿಂದಲೇ ಅವರಿಗೆ ಕಾಮಾಕ್ಷಿ ಆಂಟಿ ದೂರವಾದದ್ದು. ಸಿಂಗಪುರದಲ್ಲೇ ಬುಕಿತ್ ಪಂಜಾಂಗ್‌ನಲ್ಲಿರುವ ಕಾಮಾಕ್ಷಿ ಆಂಟಿ ಮತ್ತು ಇವರು ಮೈಸೂರಿನ ಒಂದೇ ಬೀದಿಯಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದವರು. ೨೦೧೩ರ ಯುಗಾದಿ ಊಟಕ್ಕೆ ನಾವು ಅರವತ್ತು ಜನ ಸೇರಿದ್ದೆವು. ಸರಳಾ ಆಂಟಿ ಮಾತಿನ ಭರದಲ್ಲಿ ಪಕ್ಕದಲ್ಲಿದ್ದ ಗೆಳತಿಯ ಸೆರಗನ್ನೇ ಎತ್ತಿ ಹಿಡಿದು, “ನೋಡಿ, ನೇಯ್ಗೆ ನಮ್ದು ಚೆಂದ. ಆದ್ರೆ ಬಣ್ಣ ಹಾಕೋದನ್ನ ಕೋಮೋದವರಿಂದ ಕಲೀಬೇಕು,” ಎಂದುಬಿಟ್ಟರು.

ಕಾಮಾಕ್ಷಿ ಆಂಟಿಯ ತಂದೆ ಮೂವತ್ತು ವರ್ಷ ರೇಷ್ಮೆಗೆ ಬಣ್ಣ ಹಾಕಿದವರು. “ನಮ್ಮಪ್ಪ ಊಟಕ್ಕೆ ಕೂತ್ರೆ ಕೈ ಮಣಿಕಟ್ಟಿನ ತನಕ ನೇರಳೆ ಇರ್ತಿತ್ತು. ನೀನೂ ನೋಡಿದೀಯ. ಆ ಕೈಗೆ ಪಾಠ ಹೇಳ್ತೀಯಾ?” ಎಂದವರೇ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದು ಹೋದರು. ನಮ್ಮ ವಾಟ್ಸಾಪ್ ಗ್ರೂಪನ್ನೂ ಬಿಟ್ಟರು.

ಮೂರು ವರ್ಷ ಮಾತಿಲ್ಲ. ಪ್ರತಿ ಯುಗಾದಿಗೂ ಸರಳಾ ಆಂಟಿ ಒಂದು ಡಬ್ಬಿ ಹೋಳಿಗೆ ಕಟ್ಟಿ ಗೆಳತಿಯ ಬಾಗಿಲ ತನಕ ಹೋಗುತ್ತಿದ್ದರು; ಅವಳು ಬಾಗಿಲು ತೆರೆಯದಿದ್ದರೆ ಎಂಬ ಹೆದರಿಕೆಗೆ ವಾಪಸ್ ಬರುತ್ತಿದ್ದರು. ಆ ಹೋಳಿಗೆ ತಿಂದು ತಿಂದು ಅಂಕಲ್ ದಪ್ಪಗಾದರು. ನಗುವ ವಿಷಯವಲ್ಲ, ಆಂಟಿ ನಿಜವಾಗಿ ಸೊರಗಿದ್ದರು.

೨೦೧೬ರಲ್ಲಿ ಒಂದು ಹಸಿರು ಬಣ್ಣ ಮೂರು ಸಲ ಕೆಟ್ಟು ಬಂತು. ಮ್ಯಾನೇಜರ್ ಬೇಸತ್ತು, ನೀವೇ ಅಲ್ಲಿ ನಿಂತು ಸರಿ ಮಾಡಿಸಿ ಎಂದ. ಎರಡೇ ದಿನದಲ್ಲಿ ಆಂಟಿ ವಿಮಾನ ಹತ್ತಿದರು. ಶನಿವಾರ ಅವರ ಮನೆಯಲ್ಲಿ ನಡೆಯುವ ಮಕ್ಕಳ ಕನ್ನಡ ಕ್ಲಾಸಿಗೆ ರಜಾ ಎಂದು ಗ್ರೂಪಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ‘ಸರಳಾ ಆಂಟಿ ಕೋಮೋಗೆ ಹೋಗಿದ್ದಾರೆ, ಕ್ಲಾಸ್ ಇಲ್ಲ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದೆ. ಬುದ್ಧಿವಂತ ಫೋನು ಕೋಮೋವನ್ನು ತಾನೇ ತಿದ್ದಿ ಕೋಮಾ ಮಾಡಿತು. ನಾನು ನೋಡದೆ ಕಳಿಸಿ ಮೀಟಿಂಗಿಗೆ ಹೋದೆ.

ಹೊರಗೆ ಬಂದರೆ ಎಂಬತ್ತನಾಲ್ಕು ಮೆಸೇಜು. ಯಾವ ಆಸ್ಪತ್ರೆ? ಮೃತ್ಯುಂಜಯ ಜಪ ಶುರು ಮಾಡಿದ್ದೇವೆ. ಒಬ್ಬ ತಾಯಿಯದು ಮಾತ್ರ, ಮುಂದಿನ ಶನಿವಾರ ಕ್ಲಾಸ್ ಇರುತ್ತಾ? ತಿದ್ದುಪಡಿ ಕಳಿಸಿ, ಅಂಕಲ್ ಮನೆಗೆ ಓಡಿದೆ.

ಅಷ್ಟರಲ್ಲಿ ಕಾಮಾಕ್ಷಿ ಆಂಟಿ ಬಂದು ಕೂತಿದ್ದರು. ಯಾರೋ ಅವರಿಗೆ ಫೋನ್ ಮಾಡಿಬಿಟ್ಟಿದ್ದರು. ತಲೆ ಕೆದರಿತ್ತು, ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ, ಕೈಯಲ್ಲಿ ದೇವಸ್ಥಾನದ ಕುಂಕುಮದ ಪೊಟ್ಟಣ.

“ಮಾತಾಡ್ತಾಳಾ?” ಎಂದು ಕೇಳುತ್ತಿದ್ದರು.

“ಅಯ್ಯೋ, ದಿನಾ ಮಾತಾಡ್ತಾಳೆ. ನಿಲ್ಸೋದೇ ಇಲ್ಲ,” ಎಂದರು ಅಂಕಲ್.

“ಬಡಬಡಿಸ್ತಿದಾಳೆ ಪಾಪ. ವಾಪಸ್ ಬರ್ತಾಳೇನ್ರೀ?”

“ಶುಕ್ರವಾರ ಬೆಳಿಗ್ಗೆ ಆರೂವರೆಗೆ.”

“ಅಷ್ಟು ಕರೆಕ್ಟಾಗಿ ಡಾಕ್ಟರ್ ಹೇಳಿದ್ರಾ?”

“ಡಾಕ್ಟರ್ ಯಾಕೆ? ಟಿಕೆಟಲ್ಲೇ ಇದೆಯಲ್ಲ!”

ನಾನು ನಡುವೆ ಬಾಯಿ ಹಾಕಿ ನಡೆದದ್ದನ್ನು ಹೇಳಿದೆ. ಕಾಮಾಕ್ಷಿ ಆಂಟಿ ಮೊದಲು ಅತ್ತರು, ಆಮೇಲೆ ರೇಗಿದರು. “ಚೆನ್ನಾಗೇ ಇದಾಳಾ? ಹಂಗಾದ್ರೆ ನಾನ್ಯಾಕೆ ಇಲ್ಲಿರಲಿ? ನಾನು ಬಂದಿದ್ದೆ ಅಂತ ಅವಳಿಗೆ ಹೇಳಿದ್ರೆ ನೋಡು ಮತ್ತೆ!” ಎಂದು ಹೊರಟೇಹೋದರು. ಕುಂಕುಮದ ಪೊಟ್ಟಣ ಮಾತ್ರ ಮೇಜಿನ ಮೇಲೆ ಉಳಿಯಿತು.

ನಾನು ಹೇಳದೆ ಇರುತ್ತೇನೆಯೇ? ಚಪ್ಪಲಿಯ ಸಮೇತ ಎಲ್ಲವನ್ನೂ ಕೋಮೋಗೆ ಬರೆದೆ. ಉತ್ತರ ಬರಲಿಲ್ಲ.

ಶುಕ್ರವಾರ ಏರ್‌ಪೋರ್ಟಿಗೆ ನಾನೇ ಹೋದೆ. ಆಂಟಿ ಮನೆಗೆ ಬರಲಿಲ್ಲ. ಸೂಟ್‌ಕೇಸ್ ಸಮೇತ ಬುಕಿತ್ ಪಂಜಾಂಗ್‌ಗೆ ನಡೆ ಎಂದರು. ದಾರಿಯುದ್ದಕ್ಕೂ ಕೋಮೋದ ಬಗ್ಗೆ ಒಂದು ಮಾತೂ ಆಡಲಿಲ್ಲ, ನನಗೆ ಭಯವಾಯಿತು. ಈ ಸಲ ವಾಪಸ್ ತಿರುಗದೆ ಬೆಲ್ ಒತ್ತಿದರು.

ಬಾಗಿಲು ತೆರೆಯಿತು. ಕಾಮಾಕ್ಷಿ ಆಂಟಿ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಏನು, ಕೋಮಾದಿಂದ ಎದ್ದು ಬಂದ್ಯಾ?”

“ಎದ್ದೆ ಕಣೆ. ಮೂರು ವರ್ಷ ಬೇಕಾಯ್ತು,” ಎಂದರು ಸರಳಾ ಆಂಟಿ. “ಅಲ್ಲಿ ರೇಷ್ಮೆ ಮ್ಯೂಸಿಯಂನಲ್ಲಿ ಒಂದು ಫೋಟೋ ಇತ್ತು. ಬಣ್ಣ ಹಾಕೋ ಮುದುಕ, ಕೈ ಎರಡೂ ಮುಂದೆ ಚಾಚಿದಾನೆ. ಬ್ಲಾಕ್ ಅಂಡ್ ವೈಟ್ ಕಣೆ. ಆದ್ರೆ ನಂಗೆ ಕೈ ನೇರಳೆಯಾಗೇ ಕಾಣಿಸ್ತು. ತಪ್ಪಾಯ್ತು ಕಾಮೂ.”

ಕಾಮಾಕ್ಷಿ ಆಂಟಿ ಸೂಟ್‌ಕೇಸನ್ನು ಹೊಸ್ತಿಲು ದಾಟಿಸಿ ಒಳಗೆಳೆದುಕೊಂಡರು, ಆಮೇಲೆ ಗೆಳತಿಯನ್ನೂ. ಇಬ್ಬರೂ ಅಲ್ಲೇ ನಿಂತು ಅತ್ತರು. ನಾನೂ ಸ್ವಲ್ಪ ಅತ್ತೆ.

“ನೀನೂ ಬಾರೇ, ಕಾಫಿ ಆರತ್ತೆ,” ಎಂದು ಕಣ್ಣೊರೆಸಿಕೊಳ್ಳುತ್ತ ಕಾಮಾಕ್ಷಿ ಆಂಟಿ ನನ್ನನ್ನು ಕರೆದರು. “ಆ ಫೋನು ಮಾತ್ರ ಹೊರಗಡೆ ಇಡು.”