ಸೈಡ್‌ವಿಂಗಿನ ದನಿ

ಸಿನಿಮಾ ಕಲಿಸುವ ಮೇಷ್ಟ್ರುಗಳು ಮೊದಲ ದಿನವೇ ಒಂದು ಪ್ರಶ್ನೆ ಕೇಳುತ್ತಾರೆ: ನಿಮಗೆ ಏನು ಹೇಳಬೇಕಾಗಿದೆ? ನಮ್ಮ ತರಗತಿಯಲ್ಲಿ ಒಬ್ಬ ಬಡತನದ ಬಗ್ಗೆ ಎಂದ. ಒಬ್ಬಳು ಸಮುದ್ರದ ಬಗ್ಗೆ ಎಂದಳು. ಮನೆತುಂಬ ಅಣ್ಣತಮ್ಮಂದಿರಿದ್ದ ಇನ್ನೊಬ್ಬ ಒಂಟಿತನದ ಬಗ್ಗೆ ಎಂದ. ನನ್ನ ಸರದಿ ಬಂದಾಗ ನಾನು ಏನೋ ತೊದಲಿ ಕೂತುಬಿಟ್ಟೆ. ನನಗೆ ಹೇಳಬೇಕಾಗಿದ್ದದ್ದು ಒಬ್ಬ ಮನುಷ್ಯನ ಬಗ್ಗೆ. ಹೇಳುವುದೂ ಅಲ್ಲ, ನಾಲ್ಕು ಜನರ ಮುಂದೆ ಆತನ ಮಾನ ಕಳೆಯಬೇಕಾಗಿತ್ತು. ಅದನ್ನು ಮೇಷ್ಟ್ರ ಮುಂದೆ ಹೇಗೆ ಹೇಳುವುದು?

ಆ ಮನುಷ್ಯ ಮುಂಬಯಿಯ ಮಾಟುಂಗದಲ್ಲಿದ್ದ ನಮ್ಮ ಕನ್ನಡ ಸಂಘದ ನಾಟಕಗಳಿಗೆಲ್ಲ ನಿರ್ದೇಶಕ, ನಾಯಕ, ಕೊನೆಗೆ ವಂದನಾರ್ಪಣೆಯೂ ಆತನದೇ. ಬ್ಯಾಂಕಿನಲ್ಲಿ ದೊಡ್ಡ ಆಫೀಸರು, ಮಲಾಡಿನ ಹೌಸಿಂಗ್ ಸೊಸೈಟಿಯೊಂದರಲ್ಲಿ ಮನೆ. ದನಿ ಮಾತ್ರ, ಶತ್ರುವಾದರೂ ಹೇಳಬೇಕು, ಮೈಕನ್ನು ನಾಚಿಸುವಂಥದ್ದು. ಆ ದನಿ ಕೇಳಿ ಸಾಂತಾಕ್ರೂಜಿನಿಂದ, ಮುಲುಂಡಿನಿಂದ ಜನ ಲೋಕಲ್ ರೈಲು ಹಿಡಿದು ನಾಟಕಕ್ಕೆ ಬರುತ್ತಿದ್ದರು. “ಎಂಥಾ ಜ್ಞಾಪಕಶಕ್ತಿ! ಒಂದು ಮಾತೂ ತಪ್ಪಲ್ಲ” ಎಂದು ಇಂಟರ್ವಲ್‌ನಲ್ಲಿ ಕಾಫಿ ಕುಡಿಯುತ್ತ ಹೊಗಳುತ್ತಿದ್ದರು.

ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ವರ್ಷ ಅಮ್ಮನಿಗೆ ನಾಟಕದಲ್ಲಿ ರಾಣಿಯ ಪಾತ್ರ ಸಿಕ್ಕಿತ್ತು. ಮೈಸೂರಿನಲ್ಲಿ ಕಾಲೇಜು ಓದುವಾಗ ಆಕೆ ನಾಟಕದಲ್ಲಿ ಬಹುಮಾನ ಗಳಿಸಿದವಳು. ಮದುವೆಯಾಗಿ ಮುಂಬಯಿಗೆ ಬಂದಮೇಲೆ ಅಪ್ಪನ ಊಟದ ಡಬ್ಬಿ, ನನ್ನ ಯೂನಿಫಾರಂ, ನಲ್ಲಿಯ ನೀರು ಇಷ್ಟರಲ್ಲೇ ಇದ್ದವಳು. ಪಾತ್ರ ಸಿಕ್ಕಮೇಲೆ ಅಡುಗೆಮನೆಯಲ್ಲಿ ಸಾರು ಕುದಿಯುತ್ತಿದ್ದರೂ ಆಕೆ ಕುಕ್ಕರಿಗೆ ಆಜ್ಞೆ ಮಾಡುತ್ತಿದ್ದಳು. ಅಪ್ಪನೂ ನಾನೂ ಪ್ರಜೆಗಳ ಹಾಗೆ ನಿಂತು ಕೇಳುತ್ತಿದ್ದೆವು. ಅಮ್ಮನನ್ನು ಅಷ್ಟು ಗೆಲುವಾಗಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಒಂದು ಭಾನುವಾರ ರಿಹರ್ಸಲ್ ನಡೆಯುತ್ತಿದ್ದಾಗ ಆತ ಕೈಯೆತ್ತಿ ನಿಲ್ಲಿಸಿದ. ಎಲ್ಲರೂ ಇದ್ದರು. ನಾನು ಮುಂದಿನ ಕುರ್ಚಿಯಲ್ಲಿ ಕೂತು ವಡೆ ತಿನ್ನುತ್ತಿದ್ದೆ.

“ನೋಡೀಮ್ಮಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ದನಿ ರಾಣಿದಲ್ಲ, ರಾಣಿಗೆ ತಲೆ ಬಾಚೋಳ್ದು. ಒಳಗೆ ಕೂತು ಪ್ರಾಂಪ್ಟ್ ಮಾಡಿ. ಪಿಸುಪಿಸು ಅನ್ನೋಕ್ಕೆ ಹೇಳಿ ಮಾಡಿಸಿದ ಹಾಗಿದೆ.”

ಜನ ನಕ್ಕರು. ಆತ ಹಾಸ್ಯ ಮಾಡಿದರೆ ನಗುವುದು ಸಂಘದ ರೂಢಿ. ರಾಣಿಯ ಪಾತ್ರ ಆತನ ನಾದಿನಿಗೆ ಹೋಯಿತು. ಅಮ್ಮ ಪುಸ್ತಕ ತೆಗೆದುಕೊಂಡು ಸೈಡ್‌ವಿಂಗಿನ ಪರದೆಯ ಹಿಂದೆ ಹೋಗಿ ಮಡಿಸುವ ಕುರ್ಚಿಯ ಮೇಲೆ ಕೂತಳು. ಸಂಜೆ ಮಾಟುಂಗ ರೋಡ್ ಸ್ಟೇಷನ್ನಿಗೆ ನಡೆಯುತ್ತ, “ಒಳ್ಳೇದೇ ಆಯ್ತು ಬಿಡು, ಆ ಮೇಕಪ್ಪು ನನ್ನ ಮೈಗೆ ಆಗಲ್ಲ” ಎಂದಳು. ಅಂದಿನಿಂದ ನಮ್ಮ ಕುಕ್ಕರಿಗೆ ಯಾರೂ ಆಜ್ಞೆ ಮಾಡಲಿಲ್ಲ. ವಡೆ ತಿನ್ನುತ್ತ ಕೂತಿದ್ದ ಹುಡುಗಿ ಮಾತ್ರ ಆ ನಗುವನ್ನು ಗಂಟು ಕಟ್ಟಿ ಇಟ್ಟುಕೊಂಡಳು.

ಸಂಘದ ನಾಟಕಗಳಲ್ಲಿ ಪ್ರಾಂಪ್ಟರ್ ಎಂದರೆ ಮರೆತಾಗ ಒಂದು ಪದ ಎತ್ತಿಕೊಡುವವರಲ್ಲ. ನಟರೆಲ್ಲ ಆಫೀಸಿಗೋ ಹೋಟೆಲಿಗೋ ದುಡಿಯುವವರು, ಮಾತು ಉರುಹಚ್ಚಲು ಪುರುಸೊತ್ತು ಯಾರಿಗಿದೆ? ಪ್ರಾಂಪ್ಟರ್ ಪ್ರತಿ ಮಾತನ್ನೂ ಮೆಲ್ಲಗೆ ಮುಂಚಿತವಾಗಿ ಹೇಳಬೇಕು, ನಟ ಅದನ್ನು ಹಿಡಿದು ಜೋರಾಗಿ ಬಿಡಬೇಕು. ಬೇರೆಯವರಾದರೂ ಅರ್ಧ ಕಲಿತು ಬರುತ್ತಿದ್ದರು. ಈತ ಪುಸ್ತಕವನ್ನೇ ತೆರೆಯುತ್ತಿರಲಿಲ್ಲ. ಅಮ್ಮ ಹೇಳಿದ್ದು, ಆತ ಗುಡುಗಿದ್ದು, ಕೊನೆಯ ವಂದನಾರ್ಪಣೆಯವರೆಗೂ. ಜ್ಞಾಪಕಶಕ್ತಿಯ ಹೊಗಳಿಕೆ ಆತನಿಗೆ, ಪರದೆಯ ಧೂಳು ಅಮ್ಮನಿಗೆ. ವರ್ಷಗಟ್ಟಲೆ ಹೀಗೇ ನಡೆಯಿತು.

ಸಿನಿಮಾ ಡಿಪ್ಲೊಮಾದ ಕೊನೆಯಲ್ಲಿ ನಮಗೆಲ್ಲ ಒಂದೊಂದು ಕಿರುಚಿತ್ರ ಮಾಡುವ ಅವಕಾಶ ಬಂತು. ನಾನು ಬರೆದ ಕತೆ ಸರಳ. ನಾಳೆ ನಿವೃತ್ತನಾಗುವ ಗುಮಾಸ್ತನೊಬ್ಬ ಮನೆಯ ಕನ್ನಡಿಯ ಮುಂದೆ ನಿಂತು ಬೀಳ್ಕೊಡುಗೆಯ ಭಾಷಣ ಅಭ್ಯಾಸ ಮಾಡುತ್ತಾನೆ, ಅಷ್ಟೆ. ಆ ಪಾತ್ರಕ್ಕೆ ಈತನನ್ನು ಕೇಳಿದೆ. ನಗೆಪಾಟಲಿನ ಪಾತ್ರ, ಪಂಚೆ ಜಾರುತ್ತದೆ, ಶಬ್ದ ತಪ್ಪುತ್ತದೆ, ಆತ ತಾನಾಗಿಯೇ ಪೆದ್ದನಂತೆ ಕಾಣುತ್ತಾನೆ ಎಂಬುದು ನನ್ನ ಲೆಕ್ಕಾಚಾರ. ಆತ ಕೇಳಿದ್ದು ಒಂದೇ: “ಸಿನಿಮಾನಾ? ಕ್ಲೋಸಪ್ ಇರುತ್ತಲ್ವೇನಮ್ಮಾ?” ಇರುತ್ತೆ ಅಂಕಲ್, ಬೇಕಾದಷ್ಟಿರುತ್ತೆ ಎಂದೆ. ಹೋತ ತಾನೇ ಬಂದು ಕೊರಳು ಚಾಚಿದಂತಾಯಿತು.

ಆದರೆ ಆತ ಅಷ್ಟಕ್ಕೇ ಬಿಡಲಿಲ್ಲ. “ನಿಮ್ಮಮ್ಮನ್ನೂ ಕರ್ಕೊಂಡ್ಬಾ. ಆಕೆ ಪಕ್ಕದಲ್ಲಿಲ್ದಿದ್ರೆ ನನಗೆ ಮಾತೇ ಹೊರಡಲ್ಲ” ಎಂದು ದೊಡ್ಡ ಉಪಕಾರ ಮಾಡುವವನಂತೆ ನಕ್ಕ. ನನ್ನ ಸಿನಿಮಾದಲ್ಲೂ ಅಮ್ಮ ಬಚ್ಚಿಟ್ಟುಕೊಂಡು ಕೂರಬೇಕೇ ಎಂದು ಮೈಯೆಲ್ಲ ಉರಿಯಿತು. ಅಮ್ಮ ಮಾತ್ರ ತಕರಾರಿಲ್ಲದೆ ಹೊರಟಳು. ಮಲಾಡಿನ ಆತನ ಮನೆಯ ಮಲಗುವ ಕೋಣೆಯಲ್ಲಿ, ಕಪಾಟಿನ ತೆರೆದ ಬಾಗಿಲ ಹಿಂದೆ, ನಾನು ಬರೆದ ಕಾಗದಗಳನ್ನು ಹಿಡಿದು ಸ್ಟೂಲಿನ ಮೇಲೆ ಕೂತಳು.

ನಮ್ಮ ಕ್ಯಾಮೆರಾ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಅದು ಓಡುವಾಗ ಹಿಡಿದ ದನಿಯನ್ನು ಸಿನಿಮಾಕ್ಕೆ ಬಳಸುವಂತಿರಲಿಲ್ಲ. ಆದ್ದರಿಂದ ಎಲ್ಲರೂ ಮಾಡುತ್ತಿದ್ದದ್ದು ಹೀಗೆ: ಗುರುತಿಗೆಂದು ಒಂದು ಕ್ಯಾಸೆಟ್ಟಿನಲ್ಲಿ ಮಾತು ಹಿಡಿದುಕೊಳ್ಳುವುದು, ಆಮೇಲೆ ನಟನನ್ನು ಸ್ಟುಡಿಯೋಗೆ ಕರೆಸಿ, ಚಿತ್ರ ತೋರಿಸಿ, ಅದೇ ಮಾತನ್ನು ಮತ್ತೆ ಆಡಿಸುವುದು. ಆ ಗುರುತಿನ ಕ್ಯಾಸೆಟ್ಟನ್ನು ನೋಡಿಕೊಂಡವನು ನನ್ನ ಸಹಪಾಠಿ, ದಾದರಿನ ಮರಾಠಿ ಹುಡುಗ. ಅವನಿಗೆ ಕನ್ನಡದ ಗಂಧವಿರಲಿಲ್ಲ. ಮಾತಾಡುವವರ ಹತ್ತಿರ ಮೈಕ್ ಇಡು ಎಂದಿದ್ದೆ. ಆಮೇಲೆ ಅತ್ತ ತಿರುಗಿಯೂ ನೋಡಲಿಲ್ಲ.

ಎಡಿಟಿಂಗ್ ಕೋಣೆಯಲ್ಲಿ ಕ್ಯಾಸೆಟ್ ಹಾಕಿದಾಗ ಗೊತ್ತಾಯಿತು. ಆತನ ಸಿಂಹಗರ್ಜನೆ ದೂರದ ಬಾತ್‌ರೂಮಿನಿಂದ ಬಂದಂತಿತ್ತು. ಅಮ್ಮನ ದನಿ ಮಾತ್ರ ಗಿರಣಿಯ ಸದ್ದನ್ನೂ ಹಿಂದೆ ಹಾಕಿ ಕಿವಿಗೆ ತಾಗಿ ನಿಂತಿತ್ತು. “ಈ ಮೇಜು, ಈ ಕುರ್ಚಿ ನನ್ನನ್ನು ಮರೆಯಬಾರದು” ಎಂದು ನಾನು ಬರೆದಿದ್ದ ಸಾಧಾರಣ ಸಾಲನ್ನು ಅಮ್ಮ ಹೇಳಿದ್ದು ಕೇಳಿ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ಕೇಳಿದೆ. ಪ್ರತಿ ಮಾತಿನಲ್ಲೂ ಆ ಗುಮಾಸ್ತನಿದ್ದ, ಅವನ ಭಯವಿತ್ತು, ಬಿಗುಮಾನವಿತ್ತು. ಅಮ್ಮ ಸುಮ್ಮನೆ ಓದಿರಲಿಲ್ಲ, ನಟಿಸಿದ್ದಳು. ಇಷ್ಟು ವರ್ಷ ಆ ಪರದೆಯ ಹಿಂದೆ ರಾಜ, ಮಂತ್ರಿ, ವಿದೂಷಕ ಎಲ್ಲವನ್ನೂ ನಟಿಸುತ್ತಲೇ ಇದ್ದಳು.

ಮೈಕನ್ನು ಎಲ್ಲಿಟ್ಟಿದ್ದೆಯೋ ಎಂದು ಹುಡುಗನನ್ನು ಕೇಳಿದೆ. ಅವನು ಕಣ್ಣು ಬಿಟ್ಟ.

“ಪೆಹ್ಲೇ ತೋ ಆಂಟಿ ಹೀ ಬೋಲ್ತೀ ಥೀ ನಾ? ಅಂಕಲ್ ತೋ ಬಸ್ ರಿಪೀಟ್ ಕರ್ ರಹೇ ಥೇ.”

ಮೊದಲು ಮಾತಾಡುತ್ತಿದ್ದದ್ದು ಆಂಟಿ, ಅಂಕಲ್ ಬರೀ ಅದನ್ನೇ ತಿರುಗಿ ಹೇಳುತ್ತಿದ್ದರು. ಹಾಗಾಗಿ ಮೈಕು ಆಂಟಿಯ ಮಡಿಲ ಹತ್ತಿರ. ಸಂಘದ ಒಬ್ಬನೇ ಒಬ್ಬ ಸದಸ್ಯನೂ ಕಾಣದ ಸತ್ಯವನ್ನು ಭಾಷೆ ಬಾರದವನು ಒಂದೇ ಮಧ್ಯಾಹ್ನದಲ್ಲಿ ಕಂಡುಬಿಟ್ಟಿದ್ದ. ಅವನಿಗೆ ಬೈಯಬೇಕೆಂದು ಬಾಯಿ ತೆರೆದವಳು ಹೊರಗೆ ಕರೆದುಕೊಂಡು ಹೋಗಿ ಮಸಾಲೆದೋಸೆ ಕೊಡಿಸಿದೆ.

ಅಲ್ಲಿಂದ ನನ್ನ ಸಿನಿಮಾ ಬೇರೆಯೇ ಆಯಿತು. ಪಂಚೆ ಜಾರುವ ದೃಶ್ಯಗಳನ್ನೆಲ್ಲ ಕತ್ತರಿಸಿ ಬಿಸಾಕಿದೆ. ಆತನ ದನಿಯನ್ನೂ ತೆಗೆದೆ. ಮೊದಲು ಅಮ್ಮನ ಮೆಲುದನಿ ಒಂದು ಸಾಲು ಹೇಳುತ್ತದೆ. ಆಮೇಲೆ ಆತನ ಮುಖ ಪರದೆಯ ತುಂಬ ಬರುತ್ತದೆ, ಹುಬ್ಬು ಏರುತ್ತದೆ, ಬಾಯಿ ಅಗಲವಾಗಿ ತೆರೆಯುತ್ತದೆ, ಕೈ ಗಾಳಿಯನ್ನು ಸೀಳುತ್ತದೆ, ಮತ್ತು ಏನೂ ಕೇಳುವುದಿಲ್ಲ. ಇನ್ನೂ ಒಂದು ಸಂಗತಿ ಸಿಕ್ಕಿತು. ಪ್ರತಿ ಮಾತಿಗೆ ಮುಂಚೆ ಆತನ ಕಣ್ಣು ಎಡಕ್ಕೆ, ಅಮ್ಮ ಕೂತಿದ್ದ ಕಡೆಗೆ, ಒಮ್ಮೆ ಜಾರಿ ವಾಪಸು ಬರುತ್ತಿತ್ತು. ನಾಟಕದ ಹಾಲಿನಲ್ಲಿ ಅದು ಯಾರಿಗೆ ಕಾಣಬೇಕು? ಕ್ಲೋಸಪ್ಪಿನಲ್ಲಿ ಅದು ಮನೆಗೆ ಬಂದ ನೆಂಟನ ಕಣ್ಣು ಅಡುಗೆಮನೆಯ ಕಡೆ ಹೋದಷ್ಟು ಸ್ಪಷ್ಟ. ಪಾಪ, ಕ್ಲೋಸಪ್ ಕೇಳಿದ್ದು ಆತನೇ.

ಕಲೆ ಪ್ರೀತಿಯಿಂದ ಹುಟ್ಟುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಇರಬಹುದು. ನನ್ನ ಅನುಭವ ಬೇರೆ. ಪ್ರೀತಿಸಿದ ಯಾರ ಮುಖವನ್ನೂ ನಾನು ಅಷ್ಟು ಗಮನವಿಟ್ಟು ನೋಡಿಲ್ಲ. ಪ್ರೀತಿಯಲ್ಲಿ ಅರ್ಧಕ್ಕೇ ತೃಪ್ತಿಯಾಗಿ ಕಣ್ಣು ಮುಚ್ಚುತ್ತೇವೆ. ಹಗೆಗೆ ರೆಪ್ಪೆಯಿಲ್ಲ. ಆತನ ಒಂದೊಂದು ಉಸಿರನ್ನೂ ಹಿಂದೆ ಮುಂದೆ ಓಡಿಸಿ ನೋಡಿ, ಎಲ್ಲಿ ಕತ್ತರಿಸಿದರೆ ಹೆಚ್ಚು ನೋಯುತ್ತದೆಂದು ಯೋಚಿಸಿ ಕತ್ತರಿಸಿದೆ. ಆಶ್ಚರ್ಯವೆಂದರೆ ಅಲ್ಲೇ ಕತ್ತರಿಸಿದರೆ ಸಿನಿಮಾವೂ ಹೆಚ್ಚು ಚೆನ್ನಾಗಿರುತ್ತಿತ್ತು. ಇದನ್ನು ಯಾವ ಪಠ್ಯದಲ್ಲೂ ಬರೆಯುವುದಿಲ್ಲ.

ನಡುನಡುವೆ ಆತ ಫೋನ್ ಮಾಡುತ್ತಿದ್ದ. “ಡಬ್ಬಿಂಗ್ ಯಾವತ್ತಮ್ಮಾ? ಗಂಟಲು ಕೆಡಬಾರ್ದು ಅಂತ ಐಸ್‌ಕ್ರೀಮ್ ಬಿಟ್ಟಿದೀನಿ.” ಸ್ಟುಡಿಯೋ ಖಾಲಿಯಿಲ್ಲ ಅಂಕಲ್, ಹುಷಾರಾಗಿ ಬಿಸಿನೀರು ಕುಡೀತಾ ಇರಿ ಎಂದೆ. ಹೊಟ್ಟೆ ತಣ್ಣಗಾಯಿತು. ಆಮೇಲೆ ಬೇರೆ ಏನೋ ಏರ್ಪಾಟಾಗಿದೆ ಎಂದು ಮಾತು ತೇಲಿಸಿದೆ. ಮೇಷ್ಟ್ರು ಸಿನಿಮಾ ನೋಡಿ, ಆ ಹೆಣ್ಣುದನಿ ಗುಮಾಸ್ತನ ಅಂತರಾತ್ಮವಲ್ಲವೇ ಎಂದು ಕೇಳಿದರು. ಹೌದು ಸಾರ್ ಎಂದೆ.

ಅಮ್ಮನಿಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಬೇಡ ಎನ್ನುತ್ತಿದ್ದಳು. ಪ್ರಾಂಪ್ಟರಿನ ದನಿ ಪ್ರೇಕ್ಷಕರಿಗೆ ಕೇಳಿಸಿದರೆ ಅದು ಪ್ರಾಂಪ್ಟರಿಗೆ ಅವಮಾನ ಎಂಬುದು ಆಕೆಯ ನೇಮ. ಇಷ್ಟು ವರ್ಷ ಒಮ್ಮೆಯೂ ಕೇಳಿಸಿರಲಿಲ್ಲ. ನಾನು ಆತನ ಮೇಲೆ ಎತ್ತಿದ ಕತ್ತಿ ಅಮ್ಮನಿಗೂ ತಾಗಿದರೆ? ಆ ಭಯ, ಸೇಡು ನನ್ನದೋ ಅಮ್ಮನದೋ ಎಂಬ ಪ್ರಶ್ನೆ, ಇವೆರಡು ಬಿಟ್ಟರೆ ನನಗೆ ಬೇರಾವ ಹೆದರಿಕೆಯೂ ಇರಲಿಲ್ಲ.

ಸಂಘದಲ್ಲಿ ಚಿತ್ರ ತೋರಿಸುವ ಏರ್ಪಾಡು ಮಾಡಿದವನು ಆತನೇ. ಪ್ರೊಜೆಕ್ಟರ್ ತರಿಸಿದ, ಎಲ್ಲರಿಗೂ ಹೇಳಿಕಳಿಸಿದ, ರೇಷ್ಮೆ ಜುಬ್ಬ ತೊಟ್ಟು ಮುಂದಿನ ಸಾಲಿನ ನಡುವೆ ಕೂತ. ಅಮ್ಮನೂ ನಾನೂ ಆತನ ಹಿಂದಿನ ಸಾಲಿನಲ್ಲಿದ್ದೆವು. ನಾಟಕವಲ್ಲವಾದ್ದರಿಂದ ಅಂದು ಅಮ್ಮನಿಗೆ ಒಳಗೆ ಕೆಲಸವಿರಲಿಲ್ಲ.

ದೀಪ ಆರಿತು. ಅಮ್ಮನ ದನಿ ಹಾಲಿನಲ್ಲಿ ತುಂಬಿತು. ಆತನ ಬಾಯಿ ತೆರೆಯಿತು, ಮುಚ್ಚಿತು. ಏನೋ ಕೆಟ್ಟಿರಬೇಕೆಂದು ಜನ ಮೊದಲು ಪ್ರೊಜೆಕ್ಟರಿನ ಕಡೆ ತಿರುಗಿ ನೋಡಿದರು. ಎರಡನೆಯ ಸಾಲು ಬಂತು, ಮೂರನೆಯದು ಬಂತು. ಹಿಂದೆ ನಿಂತಿದ್ದ ಉಡುಪಿ ಹೋಟೆಲಿನವರಲ್ಲಿ ಒಬ್ಬರು ಬಾಯಿಬಿಟ್ಟೇ ಅಂದರು: “ಹೋಯ್, ಇದು ನಮ್ಮ ಅಕ್ಕನ ಸ್ವರ ಅಲ್ವಾ ಮಾರಾಯ್ರೆ? ಇವರಿಗೆ ಅವರು ಹೇಳಿ ಕೊಡುದಾ ಹಾಗಾದ್ರೆ?” ಒಂದು ನಗು ಎದ್ದಿತು. ಆತನ ಕಣ್ಣು ಎಡಕ್ಕೆ ಜಾರಿದಾಗಲೆಲ್ಲ ಅದು ಇನ್ನಷ್ಟು ದೊಡ್ಡದಾಯಿತು. ಅಮ್ಮನ ಪಾತ್ರ ಕಿತ್ತುಕೊಂಡ ದಿನ ನಕ್ಕವರೇ ಈಗಲೂ ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ರೇಷ್ಮೆ ಜುಬ್ಬದ ಬೆನ್ನು ಅಲ್ಲಾಡಲಿಲ್ಲ. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು, ಸುಳ್ಳೇಕೆ ಹೇಳಲಿ. ಆದರೆ ಅಮ್ಮನೂ ಅಲ್ಲಾಡಲಿಲ್ಲ. ಕತ್ತಲಲ್ಲಿ ಆಕೆಯ ಮುಖ ಕಾಣುತ್ತಿರಲಿಲ್ಲ.

ದೀಪ ಹತ್ತಿತು. ಸಂಘದ ಕಾರ್ಯದರ್ಶಿ ಏನು ಮಾಡಬೇಕೋ ತೋಚದೆ, ಮೊದಲೇ ಗೊತ್ತುಮಾಡಿದ್ದ ಪ್ರಕಾರ ಎರಡು ಮಾತಾಡಲು ಆತನನ್ನೇ ಕರೆದ. ಆತ ಎದ್ದು ವೇದಿಕೆ ಹತ್ತಿದ. ಧೈರ್ಯ ಮೆಚ್ಚಬೇಕು. ಆ ದನಿ ಈಗಲೂ ಹಾಲನ್ನು ತುಂಬಿತು.

“ಸಂಘದ ಹಿರಿಯರೇ, ಬಂಧುಗಳೇ, ಕಲಾವಿದನ ಬದುಕಿನಲ್ಲಿ...”

ಅಲ್ಲಿಗೆ ನಿಂತಿತು. ಆತನ ಭಾಷಣಗಳೆಲ್ಲ ಶುರುವಾಗುತ್ತಿದ್ದದ್ದು ಆ ಒಂದೇ ವಾಕ್ಯದಿಂದ. ನನಗೇ ಬಾಯಿಪಾಠವಾಗಿತ್ತು. ಆತನಿಗೆ ಬರಲಿಲ್ಲ. ಆತ ಎಡಕ್ಕೆ ನೋಡಿದ. ಸೈಡ್‌ವಿಂಗಿನಲ್ಲಿ ಮಡಿಸಿಟ್ಟ ಕುರ್ಚಿಗಳಷ್ಟೇ ಇದ್ದವು. ಆತ ಹಾಗೆ ನೋಡಿದ್ದನ್ನು ಈಗ ಇಡೀ ಹಾಲು ನೋಡಿತು. ಈ ಸಲ ಯಾರೂ ನಗಲಿಲ್ಲ. ಆಮೇಲೆ ಆತನ ಕಣ್ಣು ಸಾಲುಗಳ ಮೇಲೆ ಹುಡುಕುತ್ತ ಬಂದು ಅಮ್ಮನ ಮೇಲೆ ನಿಂತಿತು.

ಆ ಕಣ್ಣು ತಿರುಗಿದರೆ ಸಾಕು, ಅಮ್ಮನ ತುಟಿ ತಾನಾಗಿ ಅಲುಗುತ್ತಿತ್ತು. ಅಷ್ಟು ವರ್ಷದ ಅಭ್ಯಾಸ. ಅಂದೂ ಅಲುಗಿತು, ನಾನು ಪಕ್ಕದಿಂದ ನೋಡಿದೆ. ಮೊದಲ ಅಕ್ಷರದ ಆಕಾರಕ್ಕೆ ಬಂದು, ಅಲ್ಲೇ ಮುಚ್ಚಿಕೊಂಡಿತು. ಆಕೆ ಸೆರಗನ್ನು ಸರಿಮಾಡಿಕೊಂಡು ನೆಟ್ಟಗೆ ಕೂತು, ಆತನನ್ನೇ ನೋಡಿದಳು. ಆತ ಕಾದ. ಎಲ್ಲರೂ ಕಾದರು.

“ಹೇಳಿ ಸಾರ್” ಎಂದಳು ಅಮ್ಮ, ಇಡೀ ಹಾಲಿಗೆ ಕೇಳುವಂತೆ. “ಕೇಳ್ತಾ ಇದೀವಿ.”

ಆತ ಮೈಕಿನ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಕೈ ಮುಗಿದು, ಏನೂ ಹೇಳದೆ ಕೆಳಗಿಳಿದ.